ಹೆದ್ದಾರಿ ಕಲಿಸಿದ ಲೆಕ್ಕ: ಅಮೆರಿಕಕ್ಕೆ ಹೋದ ಜಪಾನಿ ಕಾರಿನ ಕಥೆ

ಪಿಯುಸಿ ಭೌತವಿಜ್ಞಾನದಲ್ಲಿ ಒಂದು ಲೆಕ್ಕ ಪ್ರತಿವರ್ಷ ಇದ್ದೇ ಇರುತ್ತದೆ. ನಿಶ್ಚಲ ಸ್ಥಿತಿಯಿಂದ ಹೊರಟ ಕಾರು ಏಕರೂಪ ವೇಗೋತ್ಕರ್ಷದಿಂದ ಇಷ್ಟು ಸೆಕೆಂಡಿನಲ್ಲಿ ಇಷ್ಟು ವೇಗ ಗಳಿಸಿದರೆ, ಅದು ಕ್ರಮಿಸಿದ ದೂರವೆಷ್ಟು? ಈ ಲೆಕ್ಕವನ್ನು ನಾನು ಇಪ್ಪತ್ತೈದು ವರ್ಷ ತರಗತಿಯಲ್ಲಿ ಮಾಡಿಸಿದ್ದೇನೆ, ಪರೀಕ್ಷೆಗೂ ಕೊಟ್ಟಿದ್ದೇನೆ. ಯಾವ ಕಾರೂ ಹಾಗೆ ಓಡುವುದಿಲ್ಲ ಎಂದು ಒಮ್ಮೆಯೂ ಹೇಳಿರಲಿಲ್ಲ. ಇದು ನನಗೆ ಸರಿಯಾಗಿ ಮನವರಿಕೆಯಾದದ್ದು ಟೊಯೊಪೆಟ್ ಕ್ರೌನ್ ಎಂಬ ಕಾರಿನ ಚರಿತ್ರೆ ಓದಿದಾಗ.

ಟೊಯೊಟಾ ಸಂಸ್ಥೆ ಕ್ರೌನ್ ಕಾರನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1955ರ ಜನವರಿಯಲ್ಲಿ. ಒಂದೂವರೆ ಲೀಟರ್ ಎಂಜಿನ್, 48 ಅಶ್ವಶಕ್ತಿ, ಗಂಟೆಗೆ 100 ಕಿಮೀ ಗರಿಷ್ಠ ವೇಗ. ಟ್ಯಾಕ್ಸಿ ಮಾಲೀಕರು ಮೆಚ್ಚಿಕೊಂಡರು. ಅಂದಿನ ಜಪಾನಿನ ರಸ್ತೆಗಳನ್ನು ನೀವು ಇಂದಿನ ಚಿತ್ರಗಳಿಂದ ಊಹಿಸಬಾರದು. ಅವುಗಳ ಅಧ್ಯಯನಕ್ಕೆಂದು 1956ರಲ್ಲಿ ಅಮೆರಿಕದಿಂದ ರಾಲ್ಫ್ ವಾಟ್ಕಿನ್ಸ್ ಅವರ ತಂಡ ಬಂದಾಗ, ಪ್ರಮುಖ ರಾಷ್ಟ್ರೀಯ ಹೆದ್ದಾರಿಗಳ ಮುಕ್ಕಾಲು ಪಾಲಿಗೆ ಡಾಂಬರೇ ಇರಲಿಲ್ಲ. ಅಂಥ ಕಲ್ಲು, ಕುಳಿ, ಕೆಸರಿನ ದಾರಿಯಲ್ಲಿ ಗಂಟೆಗೆ 40-50 ಕಿಮೀ ವೇಗದಲ್ಲಿ ಮುರಿಯದೆ ಓಡಬೇಕು. ಎಂಜಿನಿಯರುಗಳು ಬಿಡಿಸಿದ ಸಮಸ್ಯೆ ಇದು. ಚೆನ್ನಾಗಿಯೇ ಬಿಡಿಸಿದ್ದರು.

ಟೊಯೊಟಾದ ಮಾರಾಟ ಕಂಪನಿ ಆಗ ತಯಾರಿಕಾ ಕಂಪನಿಯಿಂದ ಬೇರೆಯಾಗಿತ್ತು. ಅದರ ಮುಖ್ಯಸ್ಥ ಶೋತಾರೋ ಕಾಮಿಯಾ ಹಿಂದೆ ಜನರಲ್ ಮೋಟಾರ್ಸ್‌ನ ಜಪಾನ್ ಶಾಖೆಯಲ್ಲಿ ದುಡಿದು 1935ರಲ್ಲಿ ಟೊಯೊಟಾ ಕಡೆಗೆ ಬಂದವರು. ಅಮೆರಿಕದಲ್ಲಿ ಜರ್ಮನಿಯ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ನಾವೂ ಏಕೆ ಕಳಿಸಬಾರದು? 1957ರ ಆಗಸ್ಟಿನಲ್ಲಿ ಮಾದರಿಗೆಂದು ಎರಡು ಕ್ರೌನ್‌ಗಳು ಹಡಗು ಹತ್ತಿದವು. ಅದೇ ವರ್ಷ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯದಲ್ಲಿ ಟೊಯೊಟಾದ ಅಮೆರಿಕ ಮಾರಾಟ ಸಂಸ್ಥೆ ಹುಟ್ಟಿತು. 1958ರಲ್ಲಿ ಮಾರಾಟವಾದ ಕ್ರೌನ್‌ಗಳು 287. ಜೊತೆಗೆ ಒಂದೇ ಒಂದು ಲ್ಯಾಂಡ್ ಕ್ರೂಸರ್.

ಕೊಂಡವರ ದೂರು ಬೇಗನೆ ಬರತೊಡಗಿತು. ಫ್ರೀವೇ ಎಂಬ ಅತಿವೇಗದ ಹೆದ್ದಾರಿಯಲ್ಲಿ ಗಾಡಿ ನಡುಗುತ್ತದೆ, ಎಂಜಿನ್ ಕಾಯುತ್ತದೆ, ಇಳಿಜಾರು ಕೂಡುರಸ್ತೆಯಿಂದ ಹೆದ್ದಾರಿಗೆ ಸೇರುವಷ್ಟರಲ್ಲಿ ಹಿಂದಿನ ಕಾರುಗಳು ಮೈಮೇಲೆ ಬಂದಿರುತ್ತವೆ. ಈ ಕೊನೆಯ ದೂರನ್ನು ನೀವೇ ಲೆಕ್ಕ ಮಾಡಿ ನೋಡಬಹುದು.

ಉದಾರವಾಗಿ ಎಂಜಿನ್ನಿಗೆ 60 ಅಶ್ವಶಕ್ತಿ ಎಂದೇ ಇಟ್ಟುಕೊಳ್ಳೋಣ. ಅಂದರೆ ಸುಮಾರು 45 ಕಿಲೋವ್ಯಾಟ್. ಗಿಯರು, ಫ್ಯಾನು, ಡೈನಮೋಗಳಲ್ಲಿ ಕಾಲು ಭಾಗ ಕಳೆದು ಚಕ್ರಕ್ಕೆ ತಲುಪುವುದು 34 ಕಿಲೋವ್ಯಾಟ್ ಎನ್ನೋಣ. ನಾಲ್ವರು ಕುಳಿತ ಗಾಡಿಯ ದ್ರವ್ಯರಾಶಿ 1,450 ಕೆಜಿ. ಗಂಟೆಗೆ 100 ಕಿಮೀ ಎಂದರೆ ಸೆಕೆಂಡಿಗೆ 27.8 ಮೀಟರ್. ಈ ವೇಗದಲ್ಲಿ ಗಾಡಿಯ ಚಲನಶಕ್ತಿ ಸುಮಾರು 560 ಕಿಲೋಜೂಲ್. ಗಾಳಿ ಮತ್ತು ಟೈರುಗಳ ತಡೆಯನ್ನು ಪೂರ್ತಿ ಮರೆತು, ಎಂಜಿನ್ ಒಂದು ಕ್ಷಣವೂ ಬಿಡುವಿಲ್ಲದೆ ಗರಿಷ್ಠ ಸಾಮರ್ಥ್ಯ ಕೊಟ್ಟರೂ ಬೇಕಾಗುವ ಕಾಲ 560 ಭಾಗಿಸು 34, ಅಂದರೆ 16.5 ಸೆಕೆಂಡು. ಕ್ರಮಿಸಿದ ದೂರ? ನಮ್ಮ ಪಠ್ಯದ ಏಕರೂಪ ವೇಗೋತ್ಕರ್ಷದ ಸೂತ್ರ ಹಾಕಿದರೆ 230 ಮೀಟರ್ ಬರುತ್ತದೆ. ಅದು ತಪ್ಪು. ಇಲ್ಲಿ ಸ್ಥಿರವಾಗಿರುವುದು ಬಲವಲ್ಲ, ಸಾಮರ್ಥ್ಯ. ಸಾಮರ್ಥ್ಯ ಸ್ಥಿರವಾಗಿದ್ದರೆ ವೇಗವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಆಗ ದೂರವು ಅಂತಿಮ ವೇಗ ಮತ್ತು ಕಾಲಗಳ ಗುಣಲಬ್ಧದ ಅರ್ಧವಲ್ಲ, ಮೂರರಲ್ಲಿ ಎರಡು ಪಾಲು. ಸುಮಾರು 305 ಮೀಟರ್!

ಗಾಳಿಯನ್ನು ಸೇರಿಸಿದರೆ ಚಿತ್ರ ಇನ್ನೂ ಕೆಡುತ್ತದೆ. 100 ಕಿಮೀ ವೇಗದಲ್ಲಿ 34 ಕಿಲೋವ್ಯಾಟ್ ಕೊಡಬಲ್ಲ ಬಲ ಸುಮಾರು 1,220 ನ್ಯೂಟನ್. ಅಂದಿನ ಡುಬ್ಬಾದ ದೇಹಕ್ಕೆ ಗಾಳಿ ಮತ್ತು ಟೈರು ಒಡ್ಡುವ ತಡೆಯನ್ನು ಅಂದಾಜು 740 ನ್ಯೂಟನ್ ಎಂದು ಹಿಡಿದರೆ, ವೇಗ ಹೆಚ್ಚಿಸಲು ಉಳಿಯುವುದು 480 ಮಾತ್ರ. 90ರಿಂದ 100ಕ್ಕೆ ಏರಲೆಂದೇ ಸುಮಾರು 7 ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 180 ಮೀಟರ್ ಮುಂದೆ ಹೋಗಿರುತ್ತದೆ, ಕೂಡುರಸ್ತೆ ಮುಗಿದಿರುತ್ತದೆ.

ಎಂಜಿನ್ ಕಾಯುವುದಕ್ಕೂ ಇದೇ ಬೇರು. ಗಾಳಿಯ ತಡೆಬಲ ವೇಗದ ವರ್ಗಕ್ಕೆ ಅನುಗುಣ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ. ವೇಗ 50ರಿಂದ 100ಕ್ಕೆ ಇಮ್ಮಡಿಸಿದರೆ ಆ ಖರ್ಚು 8 ಪಟ್ಟು. ಟೋಕಿಯೊ ಟ್ಯಾಕ್ಸಿಯಲ್ಲಿ ಆರಾಮವಾಗಿದ್ದ ಎಂಜಿನ್ ಲಾಸ್ ಏಂಜಲೀಸಿನಲ್ಲಿ ಗಂಟೆಗಟ್ಟಲೆ ತನ್ನ ಮೇಲ್ಮಿತಿಯ ಹತ್ತಿರ ದುಡಿಯಬೇಕಾಯಿತು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ತಂಪುನೀರಿಗೆ ಹೋಗುತ್ತದೆ ಎಂಬುದನ್ನು ನೆನಪಿಡಿ. ರೇಡಿಯೇಟರ್ ಅಷ್ಟು ಶಾಖವನ್ನು ಎಷ್ಟು ಹೊತ್ತು ಹೊರಹಾಕೀತು?

ನಡುಕದ ಬಗ್ಗೆ ವಿದ್ಯಾರ್ಥಿಗಳು ಹೀಗೆ ಯೋಚಿಸಬಹುದು. ಚಕ್ರದ ತ್ರಿಜ್ಯ ಸುಮಾರು 33 ಸೆಂಟಿಮೀಟರ್ ಇದ್ದರೆ, 50 ಕಿಮೀ ವೇಗದಲ್ಲಿ ಅದು ಸೆಕೆಂಡಿಗೆ ಏಳು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗುತ್ತದೆ. 100ರಲ್ಲಿ 13ಕ್ಕೂ ಹೆಚ್ಚು. ಟೈರಿನ ಮೇಲೆ ಚಕ್ರವೂ ಅಚ್ಚೂ ಪುಟಿಯುವ ಸಹಜ ಆವೃತ್ತಿ ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್ ನಡುವೆ ಇರುತ್ತದೆ. ಚಕ್ರದ ತೂಕದಲ್ಲಿ ಒಂದಿಷ್ಟು ಏರುಪೇರಿದ್ದರೂ ಸಾಕು, ಅನುರಣನೆ ಕಾದಿರುತ್ತದೆ. ನಿಧಾನದ ರಸ್ತೆಯಲ್ಲಿ ಇದು ಗೋಚರಿಸುವ ಸಂಭವವೇ ಕಡಿಮೆ.

ಇಷ್ಟೆಲ್ಲ ಸೂತ್ರಗಳು 1957ರಲ್ಲಿ ಗೊತ್ತಿರಲಿಲ್ಲವೇ ಎಂದು ನೀವು ಕೇಳುವುದು ಸಹಜ. ನನ್ನ ವಿದ್ಯಾರ್ಥಿಯೊಬ್ಬಳು ಕೇಳಿಯೂ ಇದ್ದಳು. ಎಲ್ಲವೂ ಗೊತ್ತಿದ್ದವು, ಜಪಾನಿ ಎಂಜಿನಿಯರುಗಳಿಗೆ ನನಗಿಂತ ಚೆನ್ನಾಗಿಯೇ ಗೊತ್ತಿದ್ದವು. ಗೊತ್ತಿರದಿದ್ದದ್ದು ಸೂತ್ರದೊಳಗೆ ಹಾಕಬೇಕಾದ ವೇಗ, ಮತ್ತು ಆ ವೇಗದಲ್ಲಿ ಎಷ್ಟು ಹೊತ್ತು ಎಂಬುದು. ದಿನವಿಡೀ 100 ಕಿಮೀ ವೇಗದಲ್ಲಿ ಓಡಿಸಿ ನೋಡಲು ಜಪಾನಿನಲ್ಲಿ ಆಗ ರಸ್ತೆಯೇ ಇರಲಿಲ್ಲ. ಅಲ್ಲಿನ ಮೊದಲ ಎಕ್ಸ್‌ಪ್ರೆಸ್ ಹೆದ್ದಾರಿಯಾದ ಮೇಶಿನ್‌ನ ಮೊದಲ 71 ಕಿಮೀ ತೆರೆದದ್ದು 1963ರ ಜುಲೈಯಲ್ಲಿ. ಅತ್ತ ಅಮೆರಿಕ 1956ರಲ್ಲೇ ಸುಮಾರು 66,000 ಕಿಮೀ ಅಂತರರಾಜ್ಯ ಹೆದ್ದಾರಿಗೆ ಕಾನೂನು ಮಾಡಿಯಾಗಿತ್ತು.

ಬೀಟಲ್ ಹೇಗೆ ಗೆದ್ದಿತು? ಅದರ ಎಂಜಿನ್ ಬರೀ 36 ಅಶ್ವಶಕ್ತಿಯದು, ಕ್ರೌನಿಗಿಂತ ಕಡಿಮೆ! ಆದರೆ ಗಾಡಿಯ ತೂಕ ಮುಕ್ಕಾಲು ಟನ್ನಿನಷ್ಟೇ. ಜರ್ಮನಿಯಲ್ಲಿ ಆಟೋಬಾನ್ ಹೆದ್ದಾರಿಗಳು 1930ರ ದಶಕದಲ್ಲೇ ಬಂದಿದ್ದವು. ಬೀಟಲನ್ನು ರೂಪಿಸಿದ್ದೇ ಅವುಗಳಿಗಾಗಿ. ಎಂಜಿನ್ ನಿಧಾನವಾಗಿ ತಿರುಗುವಂತೆ ಗಿಯರು ಹೊಂದಿಸಿದ್ದರಿಂದ ಅದರ ಗರಿಷ್ಠ ವೇಗವೇ ದಿನವಿಡೀ ಓಡಬಹುದಾದ ವೇಗವೂ ಆಗಿತ್ತು. ಅಶ್ವಶಕ್ತಿಯ ಅಂಕಿ ನೋಡಿ ವಾಹನ ಅಳೆಯುವವರು ಇದನ್ನು ಗಮನಿಸಬೇಕು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಸಂಗ ನನಗೆ ಬಹಳ ಹಿಡಿಸಿದೆ. 1958ರಲ್ಲಿ ಆಸ್ಟ್ರೇಲಿಯವನ್ನು ಸುತ್ತುವ, ಸುಮಾರು 16,000 ಕಿಮೀ ಉದ್ದದ ಮೊಬಿಲ್‌ಗ್ಯಾಸ್ ಪಂದ್ಯಕ್ಕೆ ನಿಸಾನ್ ಸಂಸ್ಥೆ ಎರಡು ಡಾಟ್ಸನ್ ಕಾರುಗಳನ್ನು ಕಳಿಸಿತು. ಎಂಜಿನ್ ಒಂದು ಲೀಟರಿಗೂ ತುಸು ಕಡಿಮೆ. ಮಣ್ಣು, ಮರಳು, ಕಲ್ಲಿನ ಆ ದಾರಿಯಲ್ಲಿ ಡಾಟ್ಸನ್ ತನ್ನ ವರ್ಗದಲ್ಲಿ ಮೊದಲ ಸ್ಥಾನ ಪಡೆಯಿತು. ಆ ತಂಡದ ವ್ಯವಸ್ಥಾಪಕ ಯುತಾಕಾ ಕಟಾಯಾಮಾ 1960ರಲ್ಲಿ ಲಾಸ್ ಏಂಜಲೀಸಿಗೆ ಹೋದಾಗ, ಅಲ್ಲಿನ ನುಣುಪು ರಸ್ತೆಯಲ್ಲಿ ಅದೇ ಗಟ್ಟಿ ಜಾತಿಯ ಕಾರುಗಳು ಏದುಸಿರು ಬಿಡುತ್ತಿದ್ದವು. ಕೆಟ್ಟ ರಸ್ತೆ ಗೆದ್ದವನಿಗೆ ಒಳ್ಳೆಯ ರಸ್ತೆಯೇ ಕಠಿಣವಾಯಿತು! ಕಟಾಯಾಮಾ ಸಣ್ಣಪುಟ್ಟ ವ್ಯಾಪಾರಿಗಳ ಬಾಗಿಲು ತಟ್ಟುತ್ತ, ಗ್ರಾಹಕರ ಮಾತು ಕೇಳುತ್ತ, ದೊಡ್ಡ ಎಂಜಿನ್ ಕೊಡಿ ಎಂದು ಟೋಕಿಯೊ ಕಚೇರಿಯೊಂದಿಗೆ ವರ್ಷಗಟ್ಟಲೆ ಜಗ್ಗಾಡಿದರು. ಆ ಹಟದ ಫಲವಾಗಿ ಬಂದದ್ದು 1.6 ಲೀಟರಿನ ಡಾಟ್ಸನ್ 510. ಕಟಾಯಾಮಾ ಎಂಜಿನಿಯರ್ ಅಲ್ಲ, ಮಾರಾಟ ಮತ್ತು ಪ್ರಚಾರ ವಿಭಾಗದ ಮನುಷ್ಯ. ಕೆಲಸ ಮಾಡುತ್ತಲೇ ಕಾರಿನ ಯಂತ್ರಶಾಸ್ತ್ರ ಕಲಿತವರು.

ಟೊಯೊಟಾದವರು 1960ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪ್ರಯಾಣಿಕ ಕಾರು ಕಳಿಸುವುದನ್ನೇ ನಿಲ್ಲಿಸಿದರು. ಆದರೆ ಅಂಗಡಿ ಮುಚ್ಚಲಿಲ್ಲ. ಲ್ಯಾಂಡ್ ಕ್ರೂಸರ್ ಒಂದನ್ನೇ ಮಾರುತ್ತ ಕೂತರು, 3.9 ಲೀಟರಿನ ಆರು ಸಿಲಿಂಡರ್ ಎಂಜಿನ್, ಕಾಡುಮೇಡಿನ ಕೆಲಸ, ಅದರಿಂದ ಯಾರೂ ಹೆದ್ದಾರಿಯ ವೇಗ ಬಯಸುತ್ತಿರಲಿಲ್ಲ. ಅಲ್ಲಿ ಕಲಿತದ್ದು ತವರಿನ ವಿನ್ಯಾಸದ ಮೇಜಿಗೆ ತಲುಪಲು ನಾಲ್ಕು ವರ್ಷ ಹಿಡಿಯಿತು. ವಾಣಿಜ್ಯ ಇತಿಹಾಸಕಾರರು ಈ ನಾಲ್ಕು ವರ್ಷವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಕಥೆಯ ತಿರುಳೇ ಅದು.

1964ರ ಸೆಪ್ಟೆಂಬರಿನಲ್ಲಿ ಮೂರನೆಯ ಪೀಳಿಗೆಯ ಕೊರೋನಾ ಕಾರು ಬಂತು. ಈಗ ಮೇಶಿನ್ ಹೆದ್ದಾರಿ ಇತ್ತು. ಸಾರ್ವಜನಿಕರ ಕಣ್ಣೆದುರಿಗೇ ಕೊರೋನಾಗಳನ್ನು ಅದರ ಮೇಲೆ ಹಗಲೂ ರಾತ್ರಿ ಓಡಿಸಿ, 58 ದಿನಗಳಲ್ಲಿ 1,00,000 ಕಿಮೀ ಪೂರೈಸಿದರು. ದಿನಕ್ಕೆ ಸರಾಸರಿ 1,700 ಕಿಮೀಗೂ ಮಿಗಿಲು. ಕ್ರೌನಿಗೆ ಎಂದೂ ಸಿಗದಿದ್ದ ಪರೀಕ್ಷೆ ಇದು. ಅಮೆರಿಕಕ್ಕೆ ಹೋದ ಕೊರೋನಾಗೆ 1.9 ಲೀಟರಿನ, 90 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದರು. ಮೇಲಿನ ಲೆಕ್ಕವನ್ನು ಇದಕ್ಕೂ ಮಾಡಿ ನೋಡಿ. 1975ರ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಮದು ಕಾರುಗಳ ಸಾಲಿನಲ್ಲಿ ಟೊಯೊಟಾ ಫೋಕ್ಸ್‌ವ್ಯಾಗನ್ನನ್ನು ಹಿಂದಿಕ್ಕಿತು.

ಇಷ್ಟು ಕಾರುಗಳನ್ನು ಕ್ರೇನಿನಿಂದ ಒಂದೊಂದಾಗಿ ಎತ್ತಿ ಹಡಗಿನೊಳಗೆ ಇಳಿಸುವುದು ಆಗುವ ಕೆಲಸವಲ್ಲ. 1970ರಲ್ಲಿ ಜಪಾನಿನಲ್ಲಿ, ಕಾರುಗಳನ್ನೇ ಸಾಗಿಸುವ, ಅವು ತಾವೇ ಓಡಿಕೊಂಡು ಒಳಹೋಗಬಲ್ಲ ಹಡಗು ಸಿದ್ಧವಾಯಿತು. ಅಂಥ ಹಡಗುಗಳು ಹೆಚ್ಚಿದಂತೆ, ಒಂದರಲ್ಲಿ ಎಷ್ಟು ಕಾರು ಹಿಡಿಯುತ್ತವೆ ಎಂದು ಹೇಳಲು ಒಂದು ಮಾನ ಬೇಕಾಯಿತು. ಹಡಗು ಉದ್ಯಮ ಆರಿಸಿಕೊಂಡದ್ದು 1960ರ ದಶಕದ ಅದೇ ಕೊರೋನಾವನ್ನು. ಅದರ ಮಾದರಿ ಸಂಖ್ಯೆಯಿಂದ ಈ ಮಾನಕ್ಕೆ ಆರ್‌ಟಿ43 ಎಂದು ಹೆಸರು. ಉದ್ದ 4.125 ಮೀಟರ್, ಅಗಲ 1.55 ಮೀಟರ್. ಇಂದಿಗೂ ಕಾರು ಹಡಗಿನ ಸಾಮರ್ಥ್ಯವನ್ನು ಈ ಮಾನದಲ್ಲಿ ಹೇಳುವುದುಂಟು.

ನಮ್ಮ ಬಿಡದಿಯಲ್ಲಿ ತಯಾರಾದ ಇಟಿಯೋಸ್ ಕಾರುಗಳು 2012ರಲ್ಲಿ ಚೆನ್ನೈ ಬಳಿಯ ಎಣ್ಣೂರು ಬಂದರಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟವು. ಇಟಿಯೋಸ್ ಸೆಡಾನಿನ ಉದ್ದ 4.265 ಮೀಟರ್, ಅಗಲ 1.695 ಮೀಟರ್. ನೆಲದ ವಿಸ್ತೀರ್ಣವನ್ನಷ್ಟೇ ಪರಿಗಣಿಸಿದರೆ ಒಂದು ಇಟಿಯೋಸ್ ಎಂದರೆ 1.13 ಕೊರೋನಾ.