ಉಮಿ, ಹಾಳೆ, ಸಿಪ್ಪೆ

ತ್ಯಾಜ್ಯವಸ್ತುವಿನಿಂದ ದ್ರವ್ಯಾರ್ಜನೆ ಮಾಡಬಹುದೆಂಬ ವಿಚಾರವು ಈಚಿನ ಉದ್ಯಮ ಶಿಬಿರಗಳಲ್ಲಿ ನವೀನವೆಂಬಂತೆ ಬೋಧಿತವಾಗುತ್ತಿರುವುದಾದರೂ, ನಮ್ಮ ನಾಡಿನಲ್ಲಿ ಅದಕ್ಕೊಂದು ಚರಿತ್ರೆಯುಂಟು. ಆಲ್ಬರ್ಟ್ ಹೋವರ್ಡರು ಇಂದೂರಿನ ಗೊಬ್ಬರದ ಕ್ರಮವನ್ನು 1931ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ತರುವಾಯ, 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರು, ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಗೆ ತುಂಬಿ, ಮಣ್ಣು ಮುಚ್ಚಿ, ಪುನಃ ಮಗುಚುವ ಶ್ರಮವಿಲ್ಲದೆ ಗೊಬ್ಬರವಾಗಿಸುವ ‘ಬೆಂಗಳೂರು ವಿಧಾನ’ವನ್ನು ರೂಪಿಸಿದರು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಹುಟ್ಟಿದುದರೊಡನೆ ಈ ಕಾರ್ಯವು ಸರ್ಕಾರದ ಉದ್ಯಮವೂ ಆಯಿತು.

ಪಟ್ಟಣದ ಕಸದ ಕಥೆ ಅದು. ಶಿವಮೊಗ್ಗದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದ ಜಗಳೂರನ್ನೂ ಒಳಗೊಂಡು 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಯಲ್ಲಿ, ಹೊನ್ನಾಳಿಯಿಂದ ಈಚೆಗೆ ಪ್ರತ್ಯೇಕವಾದ ನ್ಯಾಮತಿಯನ್ನೂ ಸೇರಿಸಿಕೊಂಡು ನೋಡಿದರೆ, ರಾಶಿ ಬೀಳುವುದು ಹೊಲತೋಟಗಳ ಶೇಷ. ಅದು ವ್ಯಾಪಾರವಾದ ಬಗೆಯೂ ಬೇರೆ.

ಭದ್ರಾ ನಾಲೆಯ ನೀರಿನೊಡನೆ ಭತ್ತವೂ, ಭತ್ತದೊಡನೆ ಅಕ್ಕಿ ಗಿರಣಿಗಳೂ ಈ ಸೀಮೆಯಲ್ಲಿ ಹಬ್ಬಿದವು. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಉಮಿಯಾಗಿ ಉಳಿಯುವುದಷ್ಟೆ. ಅದು ಗಿರಣಿಯ ಬಾಯ್ಲರಿಗೂ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೂ ಇಂಧನವಾಯಿತು. ತೌಡಿನಿಂದ ಎಣ್ಣೆಯನ್ನು ತೆಗೆದು, ಉಳಿದ ಹಿಂಡಿಯನ್ನು ದನಕರುಗಳ ಮೇವಾಗಿ ಮಾರುವುದೂ ರೂಢವಾಯಿತು. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ವಿದ್ಯುಚ್ಛಕ್ತಿಯಾಗುವುದೂ ಇದೇ ನ್ಯಾಯದಿಂದ. ಇಲ್ಲಿ ಪರಿಸರಪ್ರೇಮದ ಪ್ರೇರಣೆಯೇನೂ ಇದ್ದಿಲ್ಲವೆಂದು ನನ್ನ ಅಭಿಪ್ರಾಯ. ಶೇಷವಸ್ತುವು ಒಂದೇ ಸೂರಿನಡಿ, ಬೆಂಕಿ ಬೇಕಾದವನ ಕೈಯಲ್ಲಿಯೇ ಬಿದ್ದುದರಿಂದ ಸಾಗಣೆಯ ಖರ್ಚು ಉಳಿಯಿತು, ಅಷ್ಟೆ.

ಅಡಿಕೆ ಹಾಳೆಯದು ಇನ್ನೊಂದು ಬಗೆ. ಮರದಿಂದ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ಅಂಟಿನ ಹಂಗಿಲ್ಲದೆ ತಟ್ಟೆಯಾಗುವುದು. ಅಲ್ಪ ಬಂಡವಾಳದಿಂದ, ಮನೆಯ ಹೆಂಗಸರ ದುಡಿಮೆಯಿಂದ ನಡೆಯಬಲ್ಲ ಈ ಕಸುಬಿಗೆ, 2022ರ ಜುಲೈ 1ರಂದು ದೇಶಾದ್ಯಂತ ಜಾರಿಗೆ ಬಂದ ಏಕಬಳಕೆಯ ಪ್ಲಾಸ್ಟಿಕ್ಕಿನ ನಿಷೇಧವು ಅನುಕೂಲವಾಗಿಯೇ ಒದಗಿತು. ಆದರೆ ಅಡಿಕೆಯ ಕ್ಷಾರಸತ್ವಗಳು ಆಹಾರಕ್ಕೆ ಇಳಿದಾವೆಂಬ ಶಂಕೆಯಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿದುದರಿಂದ, ರಫ್ತನ್ನೇ ನೆಚ್ಚಿದವರು ಪೇಚಿಗೆ ಸಿಕ್ಕಿದರು. ನಿಸರ್ಗಸಹಜವಾದುದೆಲ್ಲ ನಿರಪಾಯವೆಂದು ಜಾಹೀರಾತಿನಲ್ಲಿ ಸಾರುವವರಿಗೆ ಪರೀಕ್ಷಾಲಯದ ಪತ್ರವೂ ಬೇಕಾಗುವುದು.

ಚನ್ನಗಿರಿ ಸೀಮೆಯ ನಿಜವಾದ ಸಂಕಟ ಸಿಪ್ಪೆಯದು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕೂ ಮಿಗಿಲು ಸಿಪ್ಪೆಯೇ. ಬೆಳೆಗಾರನು ತನ್ನ ಅಂಗಳದಲ್ಲಿಯೇ ಸುಲಿಸುತ್ತಿದ್ದ ಕಾಲದಲ್ಲಿ ಅದು ತೋಟದ ಬುಡಕ್ಕೋ ತಿಪ್ಪೆಗೋ ಮರಳುತ್ತಿತ್ತು. ಕೇಣಿಯ ಪದ್ಧತಿ ಹಬ್ಬಿ, ಸುಲಿಯುವ ಯಂತ್ರಗಳು ಬಂದ ಮೇಲಾದರೋ, ಫಸಲನ್ನು ಕೊಂಡ ಕೇಣಿದಾರನ ಕಣದಲ್ಲಿ ಸಿಪ್ಪೆ ಬೆಟ್ಟವಾಗಿ ಬೆಳೆಯಿತು. ಆತನಿಗೋ ಅದನ್ನು ಹಾಕಲು ತೋಟವಿಲ್ಲ. ಆದಕಾರಣ ರಸ್ತೆಯ ಮಗ್ಗುಲಿಗೆ ಸುರಿದು ಬೆಂಕಿಯಿಡುವುದು ವಾಡಿಕೆಯಾಯಿತು. ಒಳಗೊಳಗೇ ದಿನಗಟ್ಟಲೆ ಕನಲುವ ಆ ರಾಶಿಯ ಹೊಗೆಯಲ್ಲಿ ವಾಹನ ನಡೆಸುವವನಿಗೆ ಎದುರಿನ ದಾರಿ ಕಾಣದು. ಉಪಾಯಗಳಿಗೇನೂ ಕೊರತೆಯಿಲ್ಲ: ಸಗಣಿಯ ಬಗ್ಗಡವನ್ನೂ ಕೊಳೆಸುವ ಸೂಕ್ಷ್ಮಜೀವಿಗಳನ್ನೂ ಬೆರೆಸಿ ತೇವ ಕಾಪಾಡಿದರೆ, ಗಡಸುನಾರಿನ ದೆಸೆಯಿಂದ ನಿಧಾನವಾಗಿಯಾದರೂ ಗೊಬ್ಬರವಾಗುವುದು, ನಾರನ್ನು ಬಿಡಿಸಿ ಹಲಗೆಯನ್ನೂ, ಒಣಗಿಸಿ ಒತ್ತಿ ಇಂಧನದ ಇಟ್ಟಿಗೆಯನ್ನೂ ಮಾಡಬಹುದು. ಆದರೆ ಸಿಪ್ಪೆ ಹಗುರ. ಲಾರಿ ತುಂಬಿದರೂ ತೂಕ ತುಂಬದು. ದೂರ ಹೋದಷ್ಟೂ ಬಾಡಿಗೆಯೇ ಲಾಭವನ್ನು ನುಂಗುವುದು.

ಮಳೆಯನ್ನೇ ನಂಬಿದ ಜಗಳೂರಿನ ಮೆಕ್ಕೆಜೋಳದ ಬೆಂಡಿಗೂ ಇದೇ ತೊಡಕು: ಒಲೆಗೆ ಬೇಕಾದಷ್ಟು ಮನೆ ಸೇರುವುದು, ಮಿಕ್ಕುದು ಹೊಲದ ಬದುವಿನಲ್ಲಿಯೇ ಉಳಿಯುವುದು. ಹೊನ್ನಾಳಿ, ನ್ಯಾಮತಿಗಳಲ್ಲಿಯೂ ತೋಟಗಳು ವಿಸ್ತರಿಸುತ್ತಿರಲಾಗಿ ಸಿಪ್ಪೆಯ ಪ್ರಶ್ನೆ ಅಲ್ಲಿಗೂ ತಲಪಿದೆ. ಯುವಕರಿಗೆ ಯಂತ್ರದ ಸಾಲ ಕೊಡಿಸುವುದಕ್ಕೆ ಮೊದಲು ಸಿಪ್ಪೆಯನ್ನು ಒಂದೆಡೆ ಸೇರಿಸುವ ಏರ್ಪಾಡು ಆಗಬೇಕು. ಅಡಿಕೆಯನ್ನು ತೂಗಿ, ದಾಸ್ತಾನಿಟ್ಟು, ಮಾರಿಕೊಡುವುದರಲ್ಲಿ ಪಳಗಿದ ಚನ್ನಗಿರಿಯ ತುಮ್ಕೋಸ್‌ನಂತಹ ಸಹಕಾರ ಸಂಘಗಳು, ಕೇಣಿದಾರರ ಕಣಗಳಿಗೆ ನಾಲ್ಕಾರು ಮೈಲಿಯೊಳಗೆ ಗೊಬ್ಬರದ ಅಂಗಳಗಳನ್ನು ತೆರೆದು, ಸಿಪ್ಪೆಗೂ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಒಂದು ದರವನ್ನು ಗೊತ್ತುಮಾಡಿದಲ್ಲಿ, ಗೊಬ್ಬರವನ್ನು ಕೊಳ್ಳುವ ಗಿರಾಕಿಗಳೂ ಅವುಗಳ ಸದಸ್ಯರ ಪಟ್ಟಿಯಲ್ಲಿಯೇ ದೊರೆಯುವರು.