ಗರಡಿಯಿಂದ ಹೊರಬಂದ ಮಲ್ಲ

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ಜಟ್ಟಿಕಾಳಗದ ವಿಷಯವನ್ನು ತಾವು ಕೇಳಿಯೇ ಇದ್ದೀರಿ. ಕ್ಷಣಮಾತ್ರದಲ್ಲಿ ಕಾಳಗ ಮುಗಿಯುತ್ತದೆ. ನೋಡಿದವರು ಮನೆಗೆ ಹೋಗುತ್ತಾರೆ, ಜಟ್ಟಿಯೂ ಮನೆಗೆ ಹೋಗುತ್ತಾನೆ. ತೋಳಿನ ಕಸುವು ಇಳಿದ ಮೇಲೆ ಅಂಥವನ ಬಾಳು ಹೇಗೆ ಸಾಗೀತೆಂದು ನಾವು ವಿಚಾರಿಸುವುದು ಅಪರೂಪ. ಈ ಮಾತಿಗೆ ಪಂಜಾಬಿನ ಗಾಮಾ ಪೈಲವಾನನ ಚರಿತ್ರೆಯೇ ಸಾಕ್ಷಿ.

ಮಲ್ಲರ ಮನೆತನದಲ್ಲಿ ಹುಟ್ಟಿದ ಗಾಮಾ ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡನು. ದತಿಯಾ ಸಂಸ್ಥಾನದ ಅರಸರು ಅವನಿಗೆ ಆಶ್ರಯವಿತ್ತರು. 1910ರಲ್ಲಿ ಆತ ಲಂಡನ್ನಿಗೆ ಹೋಗಿ ಅಮೆರಿಕದ ರೋಲರನನ್ನು ಸೋಲಿಸಿದನು. ಸೆಪ್ಟೆಂಬರ್ 10ರಂದು ಪೋಲೆಂಡಿನ ಜಿಬಿಸ್ಕೋ ಎಂಬ ದೈತ್ಯದೇಹಿಯೊಡನೆ ಎರಡೂವರೆ ಗಂಟೆಗೂ ಮಿಗಿಲಾಗಿ ಸೆಣಸಿದನು. ಜಿಬಿಸ್ಕೋ ನೆಲಕ್ಕೆ ಅಂಟಿಕೊಂಡೇ ಕಾಲ ಕಳೆದುದರಿಂದ ಪಂದ್ಯ ಇತ್ಯರ್ಥವಾಗಲಿಲ್ಲ. ವಾರದ ಬಳಿಕ ಮತ್ತೆ ಏರ್ಪಡಿಸಿದಾಗ ಅವನು ಬರಲೇ ಇಲ್ಲ. ಇಬ್ಬರೂ 1928ರಲ್ಲಿ ಪಟಿಯಾಲದಲ್ಲಿ ಪುನಃ ಎದುರಾದರು. ಗಾಮಾನಿಗೆ ಆಗ ಐವತ್ತರ ಆಸುಪಾಸು. ಆದರೂ ಒಂದು ನಿಮಿಷದೊಳಗೆ ಜಿಬಿಸ್ಕೋವಿನ ಬೆನ್ನು ಮಣ್ಣು ಮುಟ್ಟಿತು.

ಈ ಬಲ ಬರಿಯ ಸಾಧನೆಯಿಂದ ಬಂದುದಲ್ಲ. ದಂಡ, ಬಸ್ಕಿಗಳ ಬೆವರು ಗಾಮಾನದು. ಹಾಲು, ತುಪ್ಪ, ಬಾದಾಮಿಗಳ ವೆಚ್ಚ ಅರಸರ ಬೊಕ್ಕಸದ್ದು. ಬಡವನ ಅಡಿಗೆಮನೆ ಇಂಥ ದೇಹವನ್ನು ಸಾಕಲಾರದು. ಮಲ್ಲನ ಕಸುವು ಮುಪ್ಪಿನ ದಿನಕ್ಕೆಂದು ಕೂಡಿಡಬಹುದಾದ ಧನವೂ ಅಲ್ಲ.

1947ರಲ್ಲಿ ದೇಶ ಇಬ್ಭಾಗವಾಯಿತು. ಸಂಸ್ಥಾನಗಳು ಒಂದೊಂದಾಗಿ ವಿಲೀನಗೊಂಡವು. ಲಾಹೋರಿನಲ್ಲಿ ನೆಲೆಸಿದ ಗಾಮಾನಿಗೆ ಪಟಿಯಾಲ ಪರದೇಶವಾಯಿತು. ಆಶ್ರಯ ಕೊಟ್ಟಿದ್ದ ಅರಸೊತ್ತಿಗೆಯೇ ಇಲ್ಲವಾಯಿತು. ಎಪ್ಪತ್ತರ ಹತ್ತಿರದ ಪೈಲವಾನನನ್ನು ರೋಗವೂ ಬಡತನವೂ ಒಟ್ಟಿಗೇ ಹಿಡಿದವು. ಗಡಿಯಾಚೆಯ ಭಾರತದಿಂದ ಉದ್ಯಮಿ ಬಿರ್ಲಾ ಅವರು ಹಣದ ನೆರವು ನೀಡಿದರು. ಕುಸ್ತಿಯ ಅಭಿಮಾನಕ್ಕೆ ಗಡಿ ಅಡ್ಡ ಬರಲಿಲ್ಲವೆಂಬುದು ಸಮಾಧಾನದ ಮಾತು. 1960ರ ಮೇ 23ರಂದು ಗಾಮಾ ಲಾಹೋರಿನಲ್ಲಿ ಕಣ್ಣು ಮುಚ್ಚಿದನು.

ಕುಸ್ತಿಯ ಸಂಪ್ರದಾಯ ಮುಪ್ಪಿಗೆ ಒಂದು ದಾರಿಯನ್ನು ತೋರಿಸಿದೆ. ಕಣ ಬಿಟ್ಟ ಮಲ್ಲ ವಸ್ತಾದನಾಗುತ್ತಾನೆ, ತನ್ನ ಪಟ್ಟುಗಳನ್ನು ಕಿರಿಯರಿಗೆ ಧಾರೆಯೆರೆಯುತ್ತಾನೆ. ಗಾಮಾನ ಮನೆತನದಲ್ಲಿಯೂ ವಿದ್ಯೆ ಬತ್ತಲಿಲ್ಲ. ತಮ್ಮ ಇಮಾಮ್ ಬಕ್ಷನ ಮಗ ಭೋಲು ಪಾಕಿಸ್ತಾನದ ಹೆಸರಾಂತ ಪೈಲವಾನನಾದನು. ಆದರೆ ವಿದ್ಯೆ ಮುಂದಿನ ಪೀಳಿಗೆಗೆ ಸಂದರೂ ವಿದ್ಯೆ ಕೊಟ್ಟವನ ಹೊಟ್ಟೆ ತಾನಾಗಿ ತುಂಬುವುದಿಲ್ಲ. ಹಿಂದೆ ಅರಸರು ಹೊತ್ತಿದ್ದ ಆ ಭಾರ ಅರಸರು ಹೋದ ಮೇಲೆ ಪ್ರಜೆಗಳಾದ ನಮ್ಮ ಪಾಲಿಗೆ ಬಂದಿದೆ. ನಾವು ಅದನ್ನು ಅರಿತುಕೊಂಡಿಲ್ಲ, ಅಷ್ಟೆ.

ತಮ್ಮೂರಿನ ಗರಡಿಯಲ್ಲಿಯೂ ವಯಸ್ಸಾದ ವಸ್ತಾದರೊಬ್ಬರು ಇದ್ದಾರು. ಹಳೆಯ ಕುಸ್ತಿಯ ಕಥೆ ಹೇಳಿರೆಂದು ಅವರನ್ನು ಕೇಳುವ ಮೊದಲು, ಊಟವಾಯಿತೇ ಎಂದು ಕೇಳಿರಿ.