ಮೆಣಸಿನ ಬಳ್ಳಿಯ ಗಂಡು, ಹೆಣ್ಣು

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ಆಕೆಯ ಸಂಪತ್ತಿನ ಹಿಂದೆ, ಹೆಸರೇ ಉಳಿಯದ ರೈತರ ಜಾಣತನವೊಂದಿದೆ.

ಪಶ್ಚಿಮ ಘಟ್ಟದ ಕಾಡುಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಗಂಡು ಬಳ್ಳಿ ಎಷ್ಟು ಸೊಂಪಾಗಿ ಹಬ್ಬಿದರೂ ಒಂದು ಕಾಳನ್ನೂ ಕೊಡದು. ಬೀಜದಿಂದ ಎದ್ದ ಸಸಿ ಯಾವುದೆಂದು ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಗಂಡಾದರೆ ಅಷ್ಟು ದಿನದ ಆರೈಕೆಯೆಲ್ಲ ದಂಡ. ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುವ ಅಪರೂಪದ ಬಳ್ಳಿ ಸಿಕ್ಕಾಗ ರೈತ ಅದರ ತುಂಡನ್ನೇ ಕತ್ತರಿಸಿ ನೆಟ್ಟಿರಬೇಕು ಎನ್ನುತ್ತಾರೆ ಸಸ್ಯತಜ್ಞರು. ತುಂಡಿನಿಂದ ಬೆಳೆದದ್ದು ತಾಯಿಬಳ್ಳಿಯ ಪಡಿಯಚ್ಚು; ವಂಶಗುಣ ಕದಲದು. ಇಂದಿನ ತೋಟದ ತಳಿಗಳು ಬಹುಪಾಲು ಇಂಥ ದ್ವಿಲಿಂಗಿಗಳೇ. ತಳಿಶಾಸ್ತ್ರಕ್ಕೆ ಹೆಸರು ಹುಟ್ಟುವ ಎಷ್ಟೋ ಮೊದಲು ನಡೆದ ಕೆಲಸವಿದು!

ವಿಜ್ಞಾನಿಗಳು ಕೈಹಾಕಿದ್ದು ತೀರ ಈಚೆಗೆ. ಕೇರಳದ ಪನ್ನಿಯೂರಿನಲ್ಲಿ, ಹೆಣ್ಣು ಹೂಗಳೇ ಹೆಚ್ಚಿರುವ ಉತಿರನ್‌ಕೊಟ್ಟ ತಳಿಗೆ ಚೆರಿಯ ಕಣಿಯಕ್ಕಾಡನ್ ತಳಿಯನ್ನು ಬೆರೆಸಿ ಪಡೆದ 'ಪನ್ನಿಯೂರು-1' ಜಗತ್ತಿನ ಮೊದಲ ಮಿಶ್ರತಳಿ ಮೆಣಸು. 1971ರಲ್ಲಿ ಬಿಡುಗಡೆಯಾದ ಇದು ಉದ್ದನೆಯ ತೆನೆ, ದಪ್ಪ ಕಾಳುಗಳಿಂದಾಗಿ ನಮ್ಮ ಮಲೆನಾಡು, ಕೊಡಗಿಗೂ ಬಂತು. ಆದರೆ ನೆರಳು ದಟ್ಟವಾದರೆ ಇದರ ಫಸಲು ಕುಸಿಯುತ್ತದೆ. ಅಂಥ ಕಡೆ ಹಳೆಯ ಕರಿಮುಂಡವೇ ವಾಸಿ.